ಮೇಸ್ತ್ರಿ ಬೆರೆಸುತ್ತಿದ್ದ ಬಿಳಿ

ನಾನು ಓದು ಬಿಟ್ಟಿದ್ದು ತೊಂಬತ್ತೇಳರಲ್ಲಿ, ಒಂಬತ್ತನೇ ತರಗತಿಯ ಅರ್ಧದಲ್ಲಿ. ಅದನ್ನು ಯಾರಿಂದಲೂ ಮುಚ್ಚಿಟ್ಟಿಲ್ಲ. ಅಂದಿನಿಂದ ಇಂದಿನವರೆಗೆ ದುಡಿಯದೆ ಒಂದು ಹೊತ್ತು ಉಂಡವನಲ್ಲ ನಾನು. ಕಾಮಾಕ್ಷಿಪಾಳ್ಯದ ಅಡ್ಡರಸ್ತೆಯಲ್ಲಿ ನನ್ನದೇ ಫೈಬರ್ ಕೆಲಸದ ಶೆಡ್ಡು ನಡೆಸುತ್ತೇನೆ. ನೀರಿನ ಟ್ಯಾಂಕು, ಬಚ್ಚಲುಮನೆಯ ಬಾಗಿಲು, ಅಪಾರ್ಟ್‌ಮೆಂಟಿನ ಮುಂದೆ ಸೆಕ್ಯೂರಿಟಿಯವರು ಕೂರುವ ಗೂಡು... ಈಗ ಬರುವುದು ಇಂಥ ಕೆಲಸಗಳೇ. ದೋಣಿ ಬಂದು ವರ್ಷಗಳೇ ಆಗಿದ್ದವು.

ಕಳೆದ ತಿಂಗಳು ಒಂದು ಬಂತು. ಟೆಂಪೋದ ಮೇಲೆ, ಮಗುಚಿ ಹಾಕಿಕೊಂಡು. ಕೆರೆಗಳಲ್ಲಿ ಕಾಲಿನಿಂದ ತುಳಿದು ಓಡಿಸುವ ಬಿಳಿ ದೋಣಿ ಇರುತ್ತದಲ್ಲ, ಅಂಥದ್ದು. ಹೊಸದಾಗಿ ಕೆಫೆ ತೆರೆಯುತ್ತಿದ್ದ ಒಬ್ಬರು ಅದನ್ನು ಗುಜರಿಯಿಂದ ಕೊಂಡಿದ್ದರು. ಮಣ್ಣು ತುಂಬಿ ಹೂವಿನ ಗಿಡ ಹಾಕಬೇಕಂತೆ, ಬಂದವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕಂತೆ. 'ನೀರು ಬಸಿಯೋಕೆ ತಳದಲ್ಲಿ ತೂತು ಹಾಕ್ಕೊಡಿ ಅಣ್ಣ, ಅಷ್ಟೇ' ಅಂದರು.

ಡ್ರಿಲ್ ಹಿಡಿದು ಬಗ್ಗಿದವನು ಹಾಗೇ ನಿಂತೆ. ಸೀಟಿನ ಕೆಳಗೆ ನಾನೇ ಕೂರಿಸಿದ್ದ ಹಸಿರು ಪಟ್ಟಿ ಕಾಣಿಸಿತು. ಹಿಂದೊಮ್ಮೆ ಇದರ ಮೂತಿ ಎಡಗಡೆ ಕಲ್ಲಿಗೆ ಬಡಿದು ಒಡೆದಿತ್ತು. ಅದನ್ನು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಸರಿ ಮಾಡಿದ್ದರು, ಪಕ್ಕದಲ್ಲಿ ನಾನಿದ್ದೆ. ಒಡೆದ ಜಾಗ ಯಾವುದೆಂದು ಗೊತ್ತಿದ್ದೂ ಕೈಯಾಡಿಸಿದೆ. ಬಿಸಿಲಿಗೆ ಎಳೆದು ನೋಡಿದೆ. ಇಷ್ಟು ವರ್ಷದಲ್ಲಿ ದೋಣಿಯೂ ತೇಪೆಯೂ ಒಟ್ಟಿಗೇ ಹಳತಾಗಿದ್ದವು. ಎಲ್ಲಿ ಹಾಕಿದ್ದರೋ ಸಿಗಲಿಲ್ಲ... ಆಮೇಲೆ ತೂತು ಹಾಕಿಕೊಟ್ಟೆ.

ಮೇಸ್ತ್ರಿ ನನಗೆ ನೆಂಟರಲ್ಲ, ಊರಿನವರಲ್ಲ. ಗ್ಯಾರೇಜು, ಗಾರ್ಮೆಂಟ್ಸು ಎಂದು ನಾಲ್ಕಾರು ಕಡೆ ಸುತ್ತಿ, ಮೀಸೆ ಬಂದ ಮೇಲೆ ನಾನು ಮಾಗಡಿ ರಸ್ತೆಯ ಪಕ್ಕದ ಆ ಹಳೆಯ ಶೆಡ್ಡಿಗೆ ಸೇರಿದೆ. ಅಲ್ಲಿ ಅವರೇ ದೊಡ್ಡವರು. ಗಿಡ್ಡ ಆಳು, ಬಾಯಿ ಜೋರು, ಸದಾ ಮೈಯೆಲ್ಲ ಬಿಳಿ ಪುಡಿ. ಸುತ್ತಮುತ್ತಲ ಕೆರೆಗಳ ದೋಣಿಗಳೆಲ್ಲ ರಿಪೇರಿಗೆ ಅವರ ಹತ್ತಿರವೇ ಬರುತ್ತಿದ್ದವು. ಪೆಟ್ಟು ದೊಡ್ಡದೇನೂ ಇರುತ್ತಿರಲಿಲ್ಲ. ದಡಕ್ಕೆ ಉಜ್ಜಿ ತಳ ಸವೆದಿರುತ್ತಿತ್ತು, ಇಲ್ಲವೇ ಮೇಲಿನ ಹೊಳಪಿನ ಪದರ ಜೇಡರ ಬಲೆಯಂತೆ ಬಿರುಕು ಬಿಟ್ಟಿರುತ್ತಿತ್ತು. ಆ ಪದರಕ್ಕೆ ಜೆಲ್‌ಕೋಟ್ ಅನ್ನುತ್ತಾರೆ. ಹಾಗೇ ಬಿಟ್ಟರೆ ನೀರು ಒಳಗಿಳಿದು ಫೈಬರನ್ನೇ ಕೊಳೆಸುತ್ತದೆ.

ಮೇಸ್ತ್ರಿ ಮೊದಲು ಬಿರುಕನ್ನು ಕೆರೆದು ದೊಡ್ಡದು ಮಾಡುತ್ತಿದ್ದರು. ಮೇಲೆ ಬಳಿದು ಮುಚ್ಚುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. 'ಗಾಯದ ಮೇಲೆ ಪೌಡರ್ ಹಾಕ್ತಾರೆ ನನ್ಮಕ್ಳು' ಅನ್ನುತ್ತಿದ್ದರು. ಕೆರೆದ ಜಾಗವನ್ನು ಅಂಟು ಕರಗಿಸುವ ಅಸಿಟೋನಿನಿಂದ ಒರೆಸಿ, ಆಳವಿದ್ದರೆ ಫೈಬರ್ ತುಂಬಿ, ಅದರ ಮೇಲೆ ಬಣ್ಣ ಬೆರೆಸಿದ ಜೆಲ್‌ಕೋಟ್ ಹಚ್ಚುತ್ತಿದ್ದರು. ಗಟ್ಟಿಯಾದ ಮೇಲೆ ನೀರು ಹಾಕಿ ಉಪ್ಪುಕಾಗದದಿಂದ ಉಜ್ಜುವುದು, ಕೊನೆಗೆ ಪಾಲಿಶ್. ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟವಿದ್ದದ್ದು ಬಿಳಿಯಲ್ಲಿ. ಡಬ್ಬದಿಂದ ಬರುವ ಬಿಳಿ ಯಾವ ದೋಣಿಗೂ ಹೊಂದುವುದಿಲ್ಲ. ಬಿಸಿಲಲ್ಲಿ ನಿಂತ ದೋಣಿಗಳು ಒಂದೊಂದು ಒಂದೊಂದು ಥರ ಹಳದಿಯಾಗಿರುತ್ತವೆ. ಮೇಸ್ತ್ರಿ ಕಡ್ಡಿಯ ತುದಿಯಲ್ಲಿ ಹಳದಿ ಮುಟ್ಟಿಸಿ, ಕರಿ ಮುಟ್ಟಿಸಿ, ಒಂದು ತೊಟ್ಟನ್ನು ದೋಣಿಯ ಮೇಲಿಟ್ಟು ಒಣಗಲು ಬಿಟ್ಟು, ಬಾಗಿಲ ಬಿಸಿಲಲ್ಲಿ ನೋಡುತ್ತಿದ್ದರು. ಬೇಡವೆನಿಸಿದರೆ ಮತ್ತೆ ಬೆರೆಸುತ್ತಿದ್ದರು.

ಕೆಲಸ ಮುಗಿದ ಮೇಲೆ ಶೆಡ್ಡಿನವರನ್ನೆಲ್ಲ ಕರೆದು 'ಹುಡುಕ್ರಪ್ಪಾ' ಅನ್ನುವುದು ಅವರ ಪದ್ಧತಿ. ತೇಪೆ ಎಲ್ಲಿದೆಯೆಂದು ಯಾರಾದರೂ ಬೆರಳಿಟ್ಟು ತೋರಿಸಿದರೆ ಅದೇ ಕ್ಷಣ ಕೆರೆದು ತೆಗೆದು ಮೊದಲಿನಿಂದ ಶುರು. ಟೆಂಪೋ ಬಂದು ಕಾಯುತ್ತಿದ್ದರೂ ಅಷ್ಟೇ. ಮಾಲೀಕರು ಕೂಗಾಡಿದರೆ 'ಸಿಕ್ಬಿಡ್ತಲ್ಲಾ ಸಾರ್, ಏನ್ ಮಾಡ್ಲಿ' ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಅನಾಹುತ ಆಯಿತು. ಜೆಲ್‌ಕೋಟನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಬಾಟಲಿ ಚಾವಣಿಯ ಶೀಟಿನ ಕಾವಿಗೆ ಉಬ್ಬಿತ್ತು. ಮುಚ್ಚಳ ತಿರುಗಿಸಿದ್ದೇ ಚಿಮ್ಮಿ ಮೇಸ್ತ್ರಿಯ ಬಲಗಣ್ಣಿಗೆ ಬಿತ್ತು. ತಕ್ಷಣ ನೀರು ಹುಯ್ಯಬೇಕಿತ್ತು. ಆದರೆ ಫೈಬರ್ ಕೆಲಸದಲ್ಲಿ ಮೈಮೇಲೆ ಏನು ಬಿದ್ದರೂ ಅಸಿಟೋನ್ ಬಟ್ಟೆಯಲ್ಲೇ ಒರೆಸುವ ಅಭ್ಯಾಸ. ಕೈ ತಾನಾಗೇ ಹೋಯಿತು. ಹೆಗಲ ಮೇಲಿದ್ದ ಆ ಒದ್ದೆ ಬಟ್ಟೆಯಿಂದಲೇ ಅವರು ಕಣ್ಣನ್ನು ಗಸಗಸ ಉಜ್ಜಿಕೊಂಡರು... ನಾವು ಕೊಡ ತರುವಷ್ಟರಲ್ಲಿ ನೆಲದ ಮೇಲೆ ಹೊರಳುತ್ತಿದ್ದರು. ಆ ಕಣ್ಣು ಉಳಿಯಲಿಲ್ಲ.

ಅದಕ್ಕೂ ಅವರು ಕುಗ್ಗಲಿಲ್ಲ. ವಾಪಸು ಬಂದು 'ಬಂದೂಕು ಗುರಿ ಇಡೋರು ಒಂದ್ ಕಣ್ ಮುಚ್ಕೊಳಲ್ವಾ' ಎಂದು ಕಡ್ಡಿ ಕೈಗೆತ್ತಿಕೊಂಡರು. ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿ ಕಳಿಸಿದ್ದರು. ಎಡಗಣ್ಣಿನಲ್ಲೂ ಪೊರೆ ಬೆಳೆಯುತ್ತಿದೆ, ತಡ ಮಾಡದೆ ತೆಗೆಸಿ ಎಂದಿದ್ದರು. ಮೇಸ್ತ್ರಿ ಕೇಳಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಬಾಪೂಜಿ ನಗರದ ಮನೆಯಿಂದ ಆಕೆ ಫೋನು ಮಾಡಿ ಮಾಡಿ ಹೇಳುತ್ತಿದ್ದರು, 'ನನ್ ಮಾತು ಗಾಳಿಗೆ ಹೋಯ್ತು ಕಣಪ್ಪ. ನೀನಾದ್ರೂ ಹೇಳು.'

ಹೇಳಿದೆ. 'ಮೇಸ್ತ್ರಿ, ಪೊರೆ ತೆಗೆಯೋದು ಅರ್ಧ ಗಂಟೆ ಕೆಲಸ. ಸಾಯಂಕಾಲ ಮನೇಲಿರ್ತೀರ.'

'ನಿಂಗೆ ಎರಡಿದೆ ಮಗಾ. ಅದಕ್ಕೇ ಅರ್ಧ ಗಂಟೆ ಅಂತೀಯ' ಅಂದರು.

ಅವರ ಬಿಳಿ ಕೆಡತೊಡಗಿತು. ಪೊರೆ ಬಂದ ಕಣ್ಣಿಗೆ ಎಲ್ಲವೂ ಮಾಸಲು ಹಳದಿಯಾಗಿ ಕಾಣುತ್ತದಂತೆ, ಯಾವುದರಲ್ಲಿ ಎಷ್ಟು ಹಳದಿ ಎಂದು ತಿಳಿಯುವುದಿಲ್ಲವಂತೆ. ಅವರು ಮಾಡಿದ ತೇಪೆ ಕೈಗೆ ಸಿಗುತ್ತಿರಲಿಲ್ಲ, ಕಣ್ಣಿಗೆ ಸಿಗುತ್ತಿತ್ತು. ಬಾಗಿಲಲ್ಲಿ ನಿಂತರೇ ಕಾಣುತ್ತಿತ್ತು. ಶೆಡ್ಡಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವರು ಮನೆಗೆ ಹೋದ ಮೇಲೆ ನಾವು ಆ ಜಾಗಕ್ಕೆ ಬೇರೆ ಬಣ್ಣ ಹಚ್ಚಿ ಕಳಿಸುತ್ತಿದ್ದೆವು. ಎಷ್ಟು ದಿನ ಹೀಗೆ ನಡೆದೀತು? ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಲ್ಲ ಸರಿಯಿದೆ ಎಂದು ನಾವು ಅನ್ನುತ್ತಿರುವವರೆಗೆ ಅವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಬಣ್ಣ ಕೈತಪ್ಪಿದೆಯೆಂದು ತಿಳಿದರೆ ಓಡಿಹೋಗಿ ಕಣ್ಣು ತೋರಿಸಿಕೊಳ್ಳುತ್ತಾರೆ ಎಂದು ನಾನು ಲೆಕ್ಕ ಹಾಕಿದೆ.

ಒಂದು ಶನಿವಾರ ಮಧ್ಯಾಹ್ನ ಅವರು ಎಂದಿನಂತೆ 'ಹುಡುಕ್ರಪ್ಪಾ' ಅಂದರು.

ಪಾಲಿಶ್ ಮಾಡುವವನು ಗದಗದ ಕಡೆಯವನು, ನಗಿಸುವ ಆಸಾಮಿ. ದೋಣಿಯ ಸುತ್ತ ಒಂದು ಸುತ್ತು ಹಾಕಿ 'ಎಲ್ಲೈತ್ರೀ ಮೇಸ್ತ್ರಿ? ನನಗಂತೂ ಏನೂ ಕಾಣವಲ್ದು' ಅಂದ.

'ನೆಟ್ಟಗೆ ನೋಡೋ ಎಮ್ಮೆ.'

'ಎಮ್ಮೀಗೇ ಕಾಣವಲ್ದಂದ್ರ ಗಿರಾಕಿಗೆ ಎಲ್ಲಿ ಕಾಣ್ತೈತ್ರಿ?'

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕರು. ನಾನು ಮುಂದೆ ಹೋಗಿ ಬೆರಳಿಟ್ಟು 'ಸಿಕ್ತು' ಅಂದೆ.

ನಗು ನಿಂತಿತು. ಮೇಸ್ತ್ರಿ ನನ್ನ ಬೆರಳನ್ನು ಮುಟ್ಟಿ ನೋಡಿ, ಆ ಜಾಗಕ್ಕೆ ಮುಖ ಹತ್ತಿರ ತಂದರು. 'ಏನಾಗಿದೆ?'

'ಹಳದಿ ಜಾಸ್ತಿಯಾಗಿದೆ.'

ಆ ಜಾಗವನ್ನು ಕೆರೆದರು. ಮತ್ತೆ ಬೆರೆಸಿ ಹಚ್ಚಿ ಒಣಗಿಸಿ ಉಜ್ಜಿದರು. ಸಿಕ್ಕಿತು. ಸೋಮವಾರ ಮತ್ತೆ ಮಾಡಿದರು. ಆಗಲೂ ಸಿಕ್ಕಿತು. ಗದಗದವನು ನನ್ನನ್ನು ತಿನ್ನುವ ಹಾಗೆ ನೋಡಿದ. ಮೇಸ್ತ್ರಿ ಕಡ್ಡಿಯನ್ನು ಒರೆಸಿ ನನ್ನ ಕೈಗೆ ಕೊಟ್ಟು 'ತಗೋ, ನೀನೇ ಬೆರೆಸು' ಎಂದು ಹೋಗಿ ಬಾಗಿಲಲ್ಲಿ ಕೂತರು. ನಾನು ಬೆರೆಸಿದ್ದು ಸರಿ ಹೊಂದಿತು.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನೇ ಮನೆಗೆ ಹೋದೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಟೋ ಕೂಡ ನಿಲ್ಲಿಸಿಕೊಂಡು. ಅವರು ಗೋಡೆಗೆ ಒರಗಿ ಕೂತಿದ್ದರು. 'ಇಷ್ಟು ದಿನ ಈ ಕಣ್ಣು ಹೋದ್ರೆ ಬಿಳಿ ಬೆರೆಸೋರ್ಯಾರು ಅಂತ ಭಯ ಇತ್ತು. ಈಗ ನೀನಿದೀಯ. ಇನ್ನು ಇದನ್ನ ಇಟ್ಕೊಂಡು ಏನ್ ಮಾಡ್ಲಿ' ಅಂದರು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಆಟೋ ಖಾಲಿ ಹೋಯಿತು.

ನಾನು ಹೇಳಿದ್ದು ಸುಳ್ಳಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಅವರ ಕೈಕೆಳಗೆ ಕಲಿತವನು ಇದ್ದ ತೇಪೆಯನ್ನು ಇಲ್ಲ ಎನ್ನಲಾರ. ಆದರೆ ಯಾವ ಮಾತು ಅವರನ್ನು ಎಬ್ಬಿಸುತ್ತದೆ ಎಂದುಕೊಂಡಿದ್ದೆನೋ ಅದೇ ಅವರನ್ನು ಕೂರಿಸಿಬಿಟ್ಟಿತು...

ವರ್ಷ ಕಳೆಯುವುದರೊಳಗೆ ಒಂದು ಬೆಳಿಗ್ಗೆ ತಲೆನೋವು, ವಾಂತಿ ಎಂದು ಅಕ್ಕ ಅವರನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಪೊರೆ ಬಲಿತು ಒಡೆದು, ಕಣ್ಣೊಳಗೆ ಒತ್ತಡ ಏರಿ ನರ ಸತ್ತಿದೆ ಎಂದರು ಡಾಕ್ಟರು. ಮೊದಲೇ ಬಂದಿದ್ದರೆ ಉಳಿಯುತ್ತಿತ್ತು ಎಂದೂ ಹೇಳಿದರು.

ಆಮೇಲೆ ಒಮ್ಮೆ, ಗುಜರಿಗೆ ಹಾಕಿದ್ದ ಹಳೆ ದೋಣಿಯ ತುಂಡಿಗೆ ತೇಪೆ ಹಾಕಿ, ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅವರ ಮನೆಗೆ ಹೋದೆ. ಮಡಿಲಲ್ಲಿಟ್ಟೆ. ತುಂಬ ಹೊತ್ತು ಸವರಿದರು. ಬೆರಳುಗಳು ತೇಪೆಯ ಮೇಲೆ ನಿಲ್ಲದೆ ಹಾದು ಹೋದದ್ದನ್ನು ನೋಡಿದೆ.

'ಕೈಗೆ ಸಿಗ್ತಿಲ್ಲ. ಬಣ್ಣ?'

'ಸರಿಯಿದೆ ಮೇಸ್ತ್ರಿ.'

'ಹೂಂ. ನೀನಂದ್ಮೇಲೆ ನಂಬ್ಬೇಕು. ಇನ್ನೇನ್ ಮಾಡಕ್ಕಾಗತ್ತೆ' ಎಂದು ತುಂಡನ್ನು ಪಕ್ಕಕ್ಕಿಟ್ಟರು. ಬಣ್ಣ ನಿಜವಾಗಿಯೂ ಸರಿಯಿತ್ತು. ಆದರೂ ಬಸ್‌ಸ್ಟಾಪಿಗೆ ನಡೆಯುವಾಗ ಸುಳ್ಳು ಹೇಳಿ ಬಂದೆ ಅನ್ನಿಸುತ್ತಿತ್ತು.

ಎರಡು ವರ್ಷ ಹಾಗೇ ಕೂತಿದ್ದು ಹೋಗಿಬಿಟ್ಟರು. ಕಾಯಿಲೆ ಇಂಥದ್ದೆಂದು ಏನೂ ಇರಲಿಲ್ಲ. ಊಟ ಬೇಡವೆನ್ನುತ್ತಿದ್ದರಂತೆ. ಆ ಶೆಡ್ಡು ಕೆಡವಿ ಈಗ ಅಲ್ಲಿ ಬೈಕ್ ಶೋರೂಮ್ ಆಗಿದೆ. ಗದಗದವನು ಊರಿಗೆ ಹೋದ, ನನ್ನೊಂದಿಗೆ ಮತ್ತೆ ಮಾತಾಡಲಿಲ್ಲ.

ನನ್ನ ಕೆಲಸದವರನ್ನು ನಾನೂ ಕರೆದು 'ನೋಡಿ' ಎನ್ನುತ್ತೇನೆ. 'ಸೂಪರ್ ಅಣ್ಣ' ಅನ್ನುತ್ತಾರೆ, ಮೊಬೈಲಿನಿಂದ ತಲೆಯೆತ್ತದೆ. ಒಳ್ಳೆಯ ಹುಡುಗರೇ. ಆದರೆ ಬಣ್ಣ ಸರಿಯಿದೆಯೋ, ಸರಿಯೆಂದು ನನಗೆ ಮಾತ್ರ ಕಾಣುತ್ತಿದೆಯೋ, ಅದು ತಿಳಿಯುವ ದಾರಿಯಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಬಾಡಿಗೆಯ ಶೆಡ್ಡು ಒಂದು. ಗ್ರೈಂಡರ್ ಎರಡು. ಕೆಲಸದವರು ಮೂವರು. ಕಾಲೇಜಿಗೆ ಹೋಗುವ ಮಗಳು ಒಬ್ಬಳು. ನೋಡುವ ಕಣ್ಣು ಎರಡು. ನನ್ನ ತಪ್ಪಿನ ಮೇಲೆ ಬೆರಳಿಟ್ಟು ತೋರಿಸುವವರು, ಒಬ್ಬರೂ ಇಲ್ಲ.