ವರ್ಲೀನ್ ಹೇಳುತ್ತಿದ್ದ ಗುರುವಾರ

ಟರ್ಕಿಪೆನ್ ಹಳ್ಳದ ನಮ್ಮ ಬ್ಯಾಪ್ಟಿಸ್ಟ್ ಸಭೆಯಲ್ಲಿ ಸಾಕ್ಷಿ ಹೇಳಲು ಎದ್ದವರು ಮೊದಲು ತಾರೀಖು ಹೇಳಬೇಕು. ಯಾವ ವರ್ಷ, ಯಾವ ವಾರ, ಯಾವ ಬೆಂಚಿನ ಬಳಿ ಮೊಣಕಾಲೂರಿದಾಗ ಯೇಸು ತಮ್ಮನ್ನು ರಕ್ಷಿಸಿದನೆಂಬುದು ಸ್ಪಷ್ಟವಾಗಿರಬೇಕು. ಉಳಿದ ಕಥೆ ಆಮೇಲೆ. "ಹುಟ್ಟಿದ ದಿನ ಗೊತ್ತಿಲ್ದೋನು ಹುಟ್ಟೇ ಇಲ್ಲ ಅಂತ ಲೆಕ್ಕ" ಎನ್ನುವುದು ಪಾಸ್ಟರ್ ಹೋಬರ್ಟರ ಮಾತು. ೧೯೭೧ರ ಫೆಬ್ರವರಿ ೬, ಶನಿವಾರದಿಂದ ಸಭೆಯ ದಾಖಲೆ ಪುಸ್ತಕವನ್ನು ಬರೆಯುತ್ತಿರುವ ನಾನು ಆ ಮಾತನ್ನು ಒಮ್ಮೆಯೂ ಪ್ರಶ್ನಿಸಿದವನಲ್ಲ.

ವರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು. ಹುಟ್ಟಿದ್ದು ೧೯೪೯ರ ಅಕ್ಟೋಬರ್ ೪ರಂದು. ಗಟ್ಟಿ ಮೈಕಟ್ಟು, ಮೆಲ್ಲನೆಯ ಮಾತು. ಯಾರ ಮನೆಯಲ್ಲಿ ಸಾವಾದರೂ ಮೊದಲು ತಲುಪುವುದು ಅವಳ ಜೋಳದ ರೊಟ್ಟಿಯ ಬಾಣಲೆ. ಅವಳ ಸಾಕ್ಷಿ ನಮಗೆಲ್ಲ ಬಾಯಿಪಾಠವಾಗಿತ್ತು: ೧೯೫೯ರ ಮಾರ್ಚ್ ೧೨, ಗುರುವಾರ, ವಾರವಿಡೀ ನಡೆಯುವ ಉಜ್ಜೀವನ ಪ್ರಾರ್ಥನಾಕೂಟದ ನಾಲ್ಕನೆಯ ಸಂಜೆ, ಎಡಗಡೆಯ ಎರಡನೆಯ ಬೆಂಚು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಎಸೆದಂತಾಯಿತಂತೆ.

ಅವಳ ಗಂಡ ಡೆನ್ಜಿಲ್ ಗಣಿ ಕಾರ್ಮಿಕ. ಕಲ್ಲಿದ್ದಲ ಧೂಳು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಮದುವೆಯಾದ ೧೯೬೭ರಿಂದಲೂ ಅವನು ಪ್ರತಿ ಭಾನುವಾರ ಹೆಂಡತಿಯನ್ನು ಕರೆತರುತ್ತಿದ್ದ. ಆದರೆ ಒಳಗೆ ಬರುತ್ತಿರಲಿಲ್ಲ. ಟ್ರಕ್ಕಿನ ಗಾಜು ಇಳಿಸಿ, ಅಲ್ಲೇ ಕುಳಿತು ಪಾಸ್ಟರರ ಪ್ರಸಂಗ ಕೇಳುತ್ತಿದ್ದ. ಕರೆದವರಿಗೆಲ್ಲ ಒಂದೇ ಉತ್ತರ: "ವರ್ಲೀನ್‌ಗೆ ಬಡಿದಂಗೆ ನಂಗಿನ್ನೂ ಬಡಿದಿಲ್ಲ ಕಣ್ರೋ. ಬಡಿದ ದಿನ ನಾನೇ ಬರ್ತೀನಿ." ೧೯೯೮ರ ಬೇಸಿಗೆಯ ಹೊತ್ತಿಗೆ ಅವನ ಮೂಗಿಗೆ ಆಮ್ಲಜನಕದ ನಳಿಗೆ ಬಂದಿತ್ತು. ವೈದ್ಯರು ಕ್ರಿಸ್‌ಮಸ್ಸಿನವರೆಗೆ ಬದುಕುವ ಬಗ್ಗೆ ಮಾತಾಡುವುದನ್ನು ನಿಲ್ಲಿಸಿದ್ದರು.

ಆಗಸ್ಟ್ ೯ರ ಭಾನುವಾರ ಸಭೆಗೆ ನೂರು ವರ್ಷ ತುಂಬುವುದಿತ್ತು. ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಜುಲೈ ೨೮ರ ಮಂಗಳವಾರ ೧೯೫೯ರ ಹಳೆಯ ಪುಸ್ತಕ ತಿರುವುತ್ತಿದ್ದಾಗ, ನನಗಿಂತ ಹಿಂದಿನವರ ಕೈಬರಹದಲ್ಲಿ ಈ ಸಾಲು ಸಿಕ್ಕಿತು: "ಮಾರ್ಚ್ ೧೨, ಗುರುವಾರ. ಹಳ್ಳ ಉಕ್ಕಿ ರಸ್ತೆ ಮುಳುಗಿದೆ. ಕೂಟ ನಡೆಯಲಿಲ್ಲ."

ವರ್ಲೀನಳ ಸಾಕ್ಷಿ ಬುಧವಾರದ್ದೋ ಶುಕ್ರವಾರದ್ದೋ ಇರಬೇಕು, ತಿದ್ದಿಸಿಕೊಂಡು ಬರೋಣವೆಂದು ನಾನು ಪುಸ್ತಕ ಹಿಡಿದು ಅವಳ ಮನೆಗೆ ಹೋದೆ. ಡೆನ್ಜಿಲ್ ಒಳಕೋಣೆಯಲ್ಲಿ ನಿದ್ರಿಸುತ್ತಿದ್ದ. ಹಿಂದಿನ ಜಗಲಿಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ವರ್ಲೀನ್ ಆ ಸಾಲನ್ನು ಎರಡು ಸಲ ಓದಿದಳು. ಮಡಿಲ ಕಾಯಿಗಳು ನೆಲಕ್ಕೆ ಬಿದ್ದವು.

"ತಿದ್ದೋಕೆ ಬೇರೆ ದಿನ ಇಲ್ಲ, ಬ್ರದರ್ ಆರ್ವಿಲ್," ಎಂದಳು.

"ಅಂದ್ರೆ?"

"ದೀಕ್ಷಾಸ್ನಾನಕ್ಕೆ ನೀರಂಚಲ್ಲಿ ಮಕ್ಕಳನ್ನ ಸಾಲಾಗಿ ನಿಲ್ಸಿ ಒಬ್ಬೊಬ್ಬರ್ನೇ ದಿನ ಕೇಳಿದ್ರು. ಅಕ್ಕ ಓಪಲ್ ಬುಧವಾರ ಅಂದ್ಲು. ಮುಂದಿನವಳು ನಾನು. ಗುರುವಾರ ಅಂದ್ಬಿಟ್ಟೆ. ಒಂಬತ್ತು ವರ್ಷ ನಂಗೆ. ದಿನ ಇಲ್ಲ ಅಂದ್ರೆ ನೀರಿಗಿಳಿಸಲ್ಲ ಅಂತ ಭಯ."

"ಮತ್ತೆ ಎದೆ ಮೇಲಿನ ಕಲ್ಲು?"

"ಅದು ಓಪಲ್‌ದು," ಎಂದಳು. ಆಮೇಲೆ ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಂದು ಹೋಗ್ಲಿ. ಅವರು ಮೂವತ್ತೊಂದು ವರ್ಷದಿಂದ ಟ್ರಕ್ಕಲ್ಲಿ ಕೂತು ಕಾಯ್ತಿರೋದು ಏನನ್ನ? ನನ್ನ ಗುರುವಾರಾನ! ನಡೀದೇ ಇರೋ ಗುರುವಾರಾನ! ಈಗ ಹೇಳಿದ್ರೆ ಎಲ್ಲಾ ಸುಳ್ಳು ಅಂತ ಎದ್ದು ಹೋಗ್ತಾರೆ. ಹೇಳ್ದಿದ್ರೆ ಕಾಯ್ತಾನೇ ಸಾಯ್ತಾರೆ."

ಪುಸ್ತಕ ಮುಚ್ಚಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಹೇಳಿದೆ. ದಾಖಲೆಗಾರನಾಗಿ ನಾನು ಆಡಬಾರದಿದ್ದ ಮಾತು ಅದು. ಅವಳು ನನ್ನನ್ನು ನೋಡಿದ ರೀತಿಗೆ ನಾಚಿ ಎದ್ದು ಬಂದೆ.

ಆ ಹನ್ನೆರಡು ದಿನ ನನಗೂ ನಿದ್ರೆ ಸರಿಯಾಗಲಿಲ್ಲ. ನೂರರ ಹಬ್ಬದಂದು ಸಾಕ್ಷಿ ಹೇಳುವವರ ಪಟ್ಟಿಯಲ್ಲಿ ಅವಳ ಹೆಸರು ನಾಲ್ಕನೆಯದು, ಬರೆದವನು ನಾನೇ. ಅವಳು ಬಂದು ಹೆಸರು ತೆಗೆಸಲಿಲ್ಲ. ಉಳಿಸಿಕೊಳ್ಳಿ ಎಂದೂ ಹೇಳಲಿಲ್ಲ.

ಆಗಸ್ಟ್ ೯ರಂದು ಸೆಖೆಗೆ ಕಿಟಕಿಗಳನ್ನೆಲ್ಲ ತೆರೆದಿದ್ದೆವು. ಹೊರಗೆ ಮರದಡಿಯ ಮೇಜುಗಳ ಮೇಲೆ ಊಟ ಸಿದ್ಧವಿತ್ತು. ಟ್ರಕ್ಕು ಎಂದಿನಂತೆ ಬಲಗಡೆಯ ಮೂರನೆಯ ಕಿಟಕಿಯ ಎದುರಿಗಿತ್ತು. ವರ್ಲೀನ್ ಎದ್ದಳು. ಮುಂದಿನ ಬೆಂಚನ್ನು ಹಿಡಿದು ನಿಂತಳು.

"ನಂಗೆ ತಾರೀಖಿಲ್ಲ," ಎಂದಳು.

ಬೀಸಣಿಗೆಗಳು ನಿಂತವು. ಅವಳು ಹಳ್ಳದ ನೀರಿನ ವಿಷಯ, ಸಾಲಿನಲ್ಲಿ ಹೇಳಿದ ಸುಳ್ಳು, ಎಲ್ಲವನ್ನೂ ಹೇಳಿದಳು. ಎರಡನೆಯ ಬೆಂಚಿನಿಂದ ಓಪಲ್ ತಿರುಗಿ, "ಮೂವತ್ತೊಂಬತ್ತು ವರ್ಷ ನನ್ನ ಕಲ್ಲು ಹೊತ್ಕೊಂಡು ತಿರುಗಿದ್ಯೇನೇ?" ಎಂದಳು.

"ಹೂಂ ಕಣೇ. ಭಾರ ಇತ್ತು."

ಯಾರೂ ನಗಲಿಲ್ಲ. ಪಾಸ್ಟರ್ ಹೋಬರ್ಟ್ ಕೆಮ್ಮಿದರು. "ಸಿಸ್ಟರ್, ಹಾಗಾದ್ರೆ ಇವತ್ತು ಮೊಣಕಾಲೂರ್ತೀರಾ? ಇವತ್ತಿನ ತಾರೀಖೇ ಬರ್ಕೊಳ್ಳೋಣ."

"ಬೇಡ, ಪಾಸ್ಟರ್. ಅದು ಇನ್ನೊಂದು ಸುಳ್ಳಾಗುತ್ತೆ. ನಮ್ಮಮ್ಮ ಹಿಟ್ಟು ನಾದ್ತಾ ಯೇಸು ಹತ್ರ ಮಾತಾಡೋಳು, ಅಕ್ಕಪಕ್ಕದವರ ಹತ್ರ ಮಾತಾಡ್ದಂಗೆ. ಹಾಗೇ ನಾನೂ ಶುರು ಮಾಡ್ದೆ. ಯಾವತ್ತು ಅಂತ ಗೊತ್ತಿಲ್ಲ. ಆತ ಇಲ್ದೇ ಇದ್ದ ದಿನ ನಂಗೆ ನೆನಪಿಲ್ಲ, ಅಷ್ಟೇ."

ಅಷ್ಟರಲ್ಲಿ ಹೊರಗೆ ಟ್ರಕ್ಕಿನ ಯಂತ್ರ ಗುರುಗುಟ್ಟಿತು. ವರ್ಲೀನ್ ಕೂರಲಿಲ್ಲ, ಕಿಟಕಿಯತ್ತ ನೋಡುತ್ತ ನಿಂತಿದ್ದಳು. ನಾನು ಗಡಿಯಾರ ನೋಡಿಕೊಂಡೆ: ಹನ್ನೆರಡು ಗಂಟೆ ಎಂಟು ನಿಮಿಷ. ಗುರುಗುಟ್ಟುವಿಕೆ ಒಂದು ನಿಮಿಷ ನಡೆದು, ನಿಂತಿತು. ಟ್ರಕ್ಕು ಅಲ್ಲಿಂದ ಕದಲಲಿಲ್ಲ.

ಅವಳು ನಡುದಾರಿಯಲ್ಲಿ ನಡೆದು ಹೊರಗೆ ಟ್ರಕ್ಕಿನ ಬಳಿ ಹೋದಳು. ವಿಷಯವನ್ನು ಶನಿವಾರದ ಆಡಳಿತ ಕೂಟದಲ್ಲಿ ಚರ್ಚಿಸೋಣವೆಂದು ಪಾಸ್ಟರ್ ಪ್ರಕಟಿಸಿದರು. ಅವಳು ಸದಸ್ಯಳಾಗಿ ಉಳಿಯುವಳೇ ಎಂಬುದು ಅಂದು ಮತದಾನಕ್ಕೆ ಬರುವುದಿತ್ತು. ನಾವು ಊಟಕ್ಕೆ ಹೋದೆವು. ಯಾರಿಗೂ ಊಟ ರುಚಿಸಲಿಲ್ಲ. ಎಲ್ಲರೂ ಟ್ರಕ್ಕಿಗೆ ಬೆನ್ನು ಹಾಕಿ ಕುಳಿತು, ಕಿವಿಯನ್ನು ಮಾತ್ರ ಅತ್ತ ಇಟ್ಟಿದ್ದರು.

ಒಂದೂಕಾಲಾದರೂ ಅವರು ಬರದಿದ್ದಾಗ ನನಗೆ ತಡೆಯಲಾಗಲಿಲ್ಲ. ಒಂದು ತಟ್ಟೆಯಲ್ಲಿ ಬೇಯಿಸಿದ ಹುರುಳಿಕಾಯಿಯನ್ನೂ ರೊಟ್ಟಿಯನ್ನೂ ಇಟ್ಟುಕೊಂಡು, ಅದರ ನೆಪದಲ್ಲಿ ಹೋದೆ. ಡೆನ್ಜಿಲ್‌ನ ಕಣ್ಣು ಕೆಂಪಾಗಿತ್ತು. ನಳಿಗೆ ಸುಯ್ಯೆನ್ನುತ್ತಿತ್ತು. ಅವನು ನನ್ನತ್ತ ನೋಡದೆ ಹೆಂಡತಿಗೆ ಹೇಳುತ್ತಿದ್ದ: "ಮೂವತ್ತೊಂದು ವರ್ಷ, ವರ್ಲೀನ್. ನಂಗೇ ಏನೋ ಕೊರತೆ ಅಂದ್ಕೊಂಡಿದ್ದೆ ಕಣೇ. ಬೆಳಗ್ಗೆ ಗಣಿಗೆ ಇಳಿಯೋವಾಗೆಲ್ಲ ನಾನೂ ಮಾತಾಡ್ತಿದ್ದೆ ಆತನ ಹತ್ರ. ಅದು ಲೆಕ್ಕಕ್ಕಿಲ್ಲ ಅಂದ್ಕೊಂಡಿದ್ದೆ."

ನಾನು ತಟ್ಟೆ ಹಿಡಿದು ನಿಂತೇ ಇದ್ದೆ. ಅವಳನ್ನು ಕ್ಷಮಿಸಿದನೋ ಇಲ್ಲವೋ ಮುಖದಿಂದ ತಿಳಿಯುವಂತಿರಲಿಲ್ಲ.

"ಡೆನ್ಜಿಲ್, ಹಾಗಾದ್ರೆ ಯಾವತ್ತಿಂದ..." ಎಂದು ನನ್ನ ಬಾಯಿ ತಾನೇ ತೆರೆಯಿತು.

"ಹೋಗಯ್ಯಾ ಆಚೆ!" ಎಂದು ಅವನು ಗದರಿದ. ತಟ್ಟೆ ಮಾತ್ರ ಕಿತ್ತುಕೊಂಡ. "ನಿನ್ನ ಪುಸ್ತಕ ಶನಿವಾರದವರೆಗೂ ಕಾಯ್ಲಿ. ಇವಳ ಕತೆ ಇನ್ನೂ ಅಮ್ಮನ ಹಿಟ್ಟಿನ ಹತ್ರಾನೇ ಇದೆ, ನಾನು ಪೂರ್ತಿ ಕೇಳ್ಬೇಕು."