ಸಕ್ಕರೆಯಲ್ಲಿ ಸಕ್ಕರೆ ಇಲ್ಲವಂತೆ

ಕಳೆದ ಶನಿವಾರ ಮೂಡಲಗಿಯ ಶಾಲೆಯೊಂದರಲ್ಲಿ, ಸಕ್ಕರೆಯೊಳಗೆ ಸಕ್ಕರೆಯೇ ಇಲ್ಲ ಎಂದು ಸಾಬೀತಾಯಿತು. ಎತ್ತ ತಿರುಗಿದರೂ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರುವ ನಮ್ಮ ಭಾಗದಲ್ಲಿ ಇದೆಂಥ ಸುದ್ದಿ ನೋಡಿ. ಇಡೀ ಲ್ಯಾಬಿನಲ್ಲಿ ಅದಕ್ಕೆ ಖುಷಿಪಟ್ಟವನು ಒಬ್ಬನೇ. ನಮ್ಮ ದೊಡ್ಡಣ್ಣ.

ದೊಡ್ಡಣ್ಣನಿಗೆ ಶುಗರ್ ಇದೆ. ದೀಪಾವಳಿಯಲ್ಲಿ ಕಾಲಿನ ಹೆಬ್ಬೆರಳಿಗೆ ಆದ ಗಾಯ ಸಂಕ್ರಾಂತಿ ಕಳೆದರೂ ಮಾಯ್ದಿಲ್ಲ. ಹೀಗೇ ಆದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಗೋಕಾಕದ ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಅಣ್ಣ ಸಕ್ಕರೆ ಬಿಟ್ಟ. ಬೆಲ್ಲ ಹಿಡಿದ! ಚಹಾಕ್ಕೆ ಬೆಲ್ಲ, ರೊಟ್ಟಿಗೆ ಬೆಲ್ಲ, ಊಟವಾದ ಮೇಲೆ ಬಾಯಿಗೊಂದು ತುಣುಕು. ಕೇಳಿದರೆ ಬೆಲ್ಲ ನ್ಯಾಚುರಲ್ ಅನ್ನುತ್ತಾನೆ. (ಸಕ್ಕರೆಯೇನು ಪ್ಲಾಸ್ಟಿಕ್ಕಿನಿಂದ ಬರುತ್ತದೆಯೇ? ಕೇಳುವವರು ಯಾರು? ನಾನು ಚಿಕ್ಕವನು.)

ಅವನ ಮೊಮ್ಮಗಳು ಸಹನಾ ಆ ಶಾಲೆಯಲ್ಲಿ ಒಂಬತ್ತನೆಯ ತರಗತಿ. ನಾವು ತಿನ್ನುವುದರಲ್ಲಿ ಏನೇನಿದೆ ಎಂದು ಮಕ್ಕಳು ಪರೀಕ್ಷೆ ಮಾಡಿ ತೋರಿಸುವ ಕಾರ್ಯಕ್ರಮ. ಅಜ್ಜ ಬರಲೇಬೇಕು ಎಂದು ಹಟ ಹಿಡಿದಿದ್ದಳು. ಕುಂಟುತ್ತ ಒಬ್ಬನೇ ಹೋಗುವುದು ಬೇಡವೆಂದು ನಾನೂ ಜೊತೆಗೆ ಹೋದೆ.

ರೊಟ್ಟಿ ಚೂರಿನ ಮೇಲೆ ಅಯೋಡಿನ್ ಬಿದ್ದು ಕಪ್ಪುನೀಲಿಯಾಯಿತು. ಪಿಷ್ಟ ಅಂದರು. ಶೇಂಗಾ ಉಜ್ಜಿದ ಹಾಳೆಗೆ ಎಣ್ಣೆ ಕಲೆ. ಕೊಬ್ಬು ಅಂದರು. ಆಮೇಲೆ ಸಹನಾಳ ಸರದಿ. ಬೆಲ್ಲದ ನೀರಿಗೆ ಬೆನೆಡಿಕ್ಟ್ ಎಂಬ ನೀಲಿ ದ್ರಾವಣ ಬೆರೆಸಿ, ಕುದಿಯುವ ನೀರಿನಲ್ಲಿಟ್ಟಳು. ನೀಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ಬಂತು. ಕೆಂಪಾದರೆ ಸಕ್ಕರೆ ಇದೆ ಎಂದರ್ಥ. ಅಣ್ಣನ ಮುಖ ಸಪ್ಪಗಾಯಿತು. ಹುಡುಗಿ ಗೆದ್ದಳು ಅಂದುಕೊಂಡೆ.

ಅಲ್ಲಿಗೇ ನಿಲ್ಲಿಸಬಾರದೇ? ಹೋಲಿಸಿ ತೋರಿಸೋಣ ಎಂದು ಸಕ್ಕರೆ ನೀರಿಗೂ ಅದನ್ನೇ ಹಾಕಿದಳು. ನೀಲಿ. ಮತ್ತಷ್ಟು ಹೊತ್ತು ಇಟ್ಟಳು. ಆಗಲೂ ನೀಲಿಯೇ!

ಅಣ್ಣ ನನ್ನ ಕಡೆ ತಿರುಗಿದ. "ಇಷ್ಟ ದಿನಾ ಸುಮ್ಮನ ಬೆಲ್ಲಾ ತಿಂದ್ನಲ್ಲೋ ತಮ್ಮಾ. ಸಕ್ರಿನ ತಿನ್ನಬೇಕಾಗಿತ್ತು."

ವಿಜ್ಞಾನ ಕಲಿಸುವ ಅಕ್ಕೋರು ಓಡಿ ಬಂದರು. ಸಕ್ಕರೆಯಲ್ಲಿ ಎರಡು ಸಣ್ಣ ಸಕ್ಕರೆಗಳು ಕೈ ಹಿಡಿದುಕೊಂಡು ಕೂತಿರುತ್ತವಂತೆ, ಅದಕ್ಕೇ ಈ ಟೆಸ್ಟಿಗೆ ಸಿಗುವುದಿಲ್ಲವಂತೆ. ಹೊಟ್ಟೆಗೆ ಹೋದ ಮೇಲೆ ಕೈ ಬಿಡುತ್ತವಂತೆ. ಮಾತಿಗೆ ಸಾಕ್ಷಿಯಾಗಿ ಸಕ್ಕರೆ ನೀರಿಗೆ ಲಿಂಬೆ ಹಿಂಡಿ ಚೆನ್ನಾಗಿ ಕುದಿಸಿದರು. ಹುಳಿ ಹೋಗಲೆಂದು ಚಿಟಿಕೆ ಸೋಡಾ ಹಾಕಿ, ಮತ್ತೆ ನೀಲಿ ದ್ರಾವಣ ಬೆರೆಸಿ ಬಿಸಿ ಮಾಡಿದರು. ಈ ಸಲ ಕೆಂಪು.

"ಲಿಂಬಿ ಹಿಂಡಿದ್ದಕ್ಕ ಕೆಂಪಾತ್ರಿ ಅಕ್ಕೋರ," ಅಂದ ಅಣ್ಣ. "ನಾ ಏನ್ ಚಾದಾಗ ಲಿಂಬಿ ಹಿಂಡ್ತೇನೇನ್ರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾವೆಲ್ಲ ಮಾಡುವುದು ಇದನ್ನೇ ಅಲ್ಲವೇ? ಬಿಪಿ ಜಾಸ್ತಿ ಬಂದರೆ ಮಷೀನ್ ಕೆಟ್ಟಿದೆ ಅನ್ನುತ್ತೇವೆ. ರಿಪೋರ್ಟ್ ಮನಸ್ಸಿಗೆ ಬರಲಿಲ್ಲವೆಂದರೆ ಬೇರೆ ಲ್ಯಾಬಿಗೆ ಹೋಗುತ್ತೇವೆ. ನಮಗೆ ಬೇಕಾದ ಉತ್ತರ ಕೊಟ್ಟ ಲ್ಯಾಬೇ ಒಳ್ಳೆಯ ಲ್ಯಾಬ್.

ಸಹನಾ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಸ್ಟ್ಯಾಂಡಿನಲ್ಲಿಟ್ಟು ಅಜ್ಜನ ಮುಂದೆ ಬಂದು ನಿಂತಳು.

"ನಿನ್ನ ಕಾಲಿನ ಬೆರಳ ಕಡೀತಾರಂತ ಅಜ್ಜಾ. ನನಗ ಭಾಳ ಅಂಜಿಕಿ ಆಗೇತಿ. ನಾ ಇದನ್ನ ಮಾಡಿದ್ದ ನಿನ್ನ ಸಲುವಾಗಿ."

ಅಣ್ಣ ಅವಳ ತಲೆ ಮೇಲೆ ಕೈಯಿಟ್ಟ. ಇನ್ನು ಸಕ್ಕರೆಯೂ ಇಲ್ಲ, ಬೆಲ್ಲವೂ ಇಲ್ಲ ಎಂದು ಅಕ್ಕೋರ ಎದುರಿಗೇ ಮಾತು ಕೊಟ್ಟ. ಖರೇ ಹೇಳುತ್ತೇನೆ, ನನ್ನ ಕಣ್ಣು ತುಂಬಿತು.

ಬಸ್‌ಸ್ಟ್ಯಾಂಡಿಗೆ ಬಂದೆವು. ಚಹಾದಂಗಡಿಯಲ್ಲಿ ತನ್ನ ಕಪ್ಪಿಗೆ ಏನೂ ಹಾಕಬಾರದೆಂದು ಅಣ್ಣ ತಾನೇ ಹೇಳಿದ. ಒಂದು ಗುಟುಕು ಕುಡಿದು ಮುಖ ಕಿವುಚಿದ. ಆದರೂ ಕಪ್ಪು ಕೆಳಗಿಡಲಿಲ್ಲ. ಅವನ ಮೇಲೆ ಅಭಿಮಾನ ಬಂತು.

ಅಷ್ಟರಲ್ಲಿ ಅವನ ಕಣ್ಣು ಅಂಗಡಿಯ ಗಾಜಿನ ಬರಣಿಯ ಮೇಲೆ ಹೋಯಿತು. ನನ್ನ ಕಡೆ ಬಾಗಿ, ದನಿ ತಗ್ಗಿಸಿ ಕೇಳಿದ.

"ತಮ್ಮಾ, ಬಿಸ್ಕೀಟಿಂದು ಇನ್ನಾ ಟೆಸ್ಟ್ ಆಗಿಲ್ಲ, ಹೌದಿಲ್ಲೋ?"