ಗೂಟವಿಲ್ಲದ ಡೇರೆ

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಡೇರೆಯಕ್ಕ ನೀರಿನ ಟ್ಯಾಂಕಿಗೆ ಕಿವಿಯಾನಿಸಿ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಳು. ತುಂಬಿದ ಟ್ಯಾಂಕು ‘ದಬ್’ ಅನ್ನಬೇಕು. ಇದು ‘ಡಣ್’ ಎಂದಿತು. ಮುಂದಿನದೂ ಡಣ್. ಎಂಟರಲ್ಲಿ ಮೂರು ಖಾಲಿ.

ಕಟ್ಟಡ ಏಳುವ ಕಡೆ ಕಂಬಿ ಬಾಗಿಸುವವರಿಗೂ ಬಡಗಿಗಳಿಗೂ ನೆರಳು ಬೇಕು. ಅಲ್ಲಿಗೆ ದೊಡ್ಡ ಡೇರೆಗಳನ್ನು ಬಾಡಿಗೆಗೆ ನಿಲ್ಲಿಸಿಕೊಡುವುದು ಅವಳ ಕಸುಬು. ಅಪ್ಪನದೂ ಅದೇ ಕಸುಬು, ಆದರೆ ಅವನು ಗೂಟ ಹೊಡೆಯುವವನು. ಮೊಳದುದ್ದದ ಕಬ್ಬಿಣ ನೆಲಕ್ಕಿಳಿದರೇ ಅವನಿಗೆ ನಿದ್ದೆ. ಇಲ್ಲಿ ನೆಲವೇ ಇರಲಿಲ್ಲ. ಕಾಲ ಕೆಳಗೆ ನೆಲಮಾಳಿಗೆಯ ತಾರಸಿ, ಅದರ ಮೇಲೆ ನೀರು ಇಳಿಯದಂತೆ ಹಾಸಿದ ಕರಿ ಹಾಳೆ. ಒಂದು ತೂತು ಬಿದ್ದರೂ ಸೋರಿಕೆ. ಹಾಗಾಗಿ ಅವಳು ಗೂಟದ ಗೊಡವೆಯೇ ಬೇಡವೆಂದು ಡೇರೆಯ ಎಂಟು ಕಾಲುಗಳನ್ನೂ ಕೆಳಗಿನ ಕಂಬಗಳ ನೇರಕ್ಕೆ ನಿಲ್ಲಿಸಿ, ಒಂದೊಂದರ ಬುಡದ ತಗಡಿನ ಮೇಲೆ ಸಾವಿರ ಲೀಟರಿನ ಟ್ಯಾಂಕು ಕೂರಿಸಿದ್ದಳು. ಡೇರೆಯನ್ನು ಹಿಡಿದಿಡುವುದು ನೀರಿನ ಭಾರ ಮಾತ್ರ.

“ಗಾಳಿ ಬೀಸಲಿ ತಾಳು,” ಎಂದು ಅಪ್ಪ ಮೂತಿ ತಿರುವಿದ್ದ. “ನಿನ್ನ ಡೇರೆ ನಿನಗಿಂತ ಮುಂಚೆ ಮನೆಗೆ ಬರುತ್ತೆ!”

ಇಂಜಿನಿಯರ್ ಪ್ರತಿ ತಗಡಿನ ಸುತ್ತ ಬಣ್ಣದ ಗೆರೆ ಎಳೆದಿದ್ದ. “ಐದು ಸೆಂಟಿಮೀಟರ್ ದಾಟಿ ಸರಿದ್ರೆ ಬಿಚ್ಚಿಸಿಬಿಡ್ತೀನಿ ಅಕ್ಕ. ಒಳಗೆ ನಲವತ್ತು ಜನ ಇರ್ತಾರೆ.” ಗೂಟವಿಲ್ಲದೆ ಅವಳು ಹಿಡಿದ ಮೊದಲ ದೊಡ್ಡ ಕೆಲಸ ಅದು. ಇದನ್ನು ಬಿಚ್ಚಿಸಿದರೆ ಮುಂದೆ ಯಾರೂ ಕರೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅದೂ ಸಾಲದೆ ಅಂದು ಮಧ್ಯಾಹ್ನ ಬಿರುಗಾಳಿ ಎಂದು ರೇಡಿಯೋ ಹೇಳಿತ್ತು.

“ಮೇಸ್ತ್ರಿ, ನೀರೆಲ್ಲಿ ಹೋಯ್ತು?”

“ನಲ್ಲಿ ನಿಂತುಹೋಗಿದೆಯಲ್ಲ ಡೇರೆಯಕ್ಕ. ಹೊಸ ಕಾಂಕ್ರೀಟಿಗೆ ಹೊಡೆದ್ವಿ, ಉಳಿದದ್ದರಲ್ಲಿ ನಮ್ಮವರು ಮಿಂದ್ರು. ಪುಣ್ಯಾತ್ಗಿತ್ತಿ, ಎಷ್ಟೊಂದು ನೀರು ಇಟ್ಟು ಹೋಗಿದ್ದಾಳೆ ಅಂತ ಹೊಗಳ್ತಾ ಇದ್ವಿ!”

“ಹೊಗಳ್ತಾ ಹೊಗಳ್ತಾ ನನ್ನ ಡೇರೆಯ ಕಾಲನ್ನೇ ಮೈಗೆ ಸುರ್ಕೊಂಡ್ರಲ್ಲಪ್ಪ!”

ತಾರಸಿಗೆ ಮೊಳೆ ಹೊಡೆಯಬೇಡಿ ಎಂದು ಎಲ್ಲರಿಗೂ ಸಾರಿದ್ದಳು. ಆ ನೀರು ಯಾಕಿದೆ ಎಂದು ಒಬ್ಬರಿಗೂ ಹೇಳಿರಲಿಲ್ಲ. ನೇರ ಇಂಜಿನಿಯರನ ಬಳಿ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದಳು.

“ಗಾಳಿ ಬರೋದ್ರೊಳಗೆ ಭಾರ ಕೂರಿಸಿ, ಇಲ್ಲಾಂದ್ರೆ ಈಗಲೇ ಬಿಚ್ಚಿ,” ಎಂದ ಅವನು.

ಅಂಗಳದ ಮೂಲೆಯಲ್ಲಿ ಗೋಡೆಗೆಂದು ತರಿಸಿದ ಕಾಂಕ್ರೀಟ್ ಇಟ್ಟಿಗೆಗಳ ರಾಶಿ ಇತ್ತು. ಒಂದನ್ನು ತಕ್ಕಡಿಗೆ ಹಾಕಿ ನೋಡಿದಳು: ಇಪ್ಪತ್ತು ಕಿಲೋ. ಐವತ್ತು ಇಟ್ಟರೆ ಒಂದು ಟ್ಯಾಂಕಿಗೆ ಸಮ.

“ಯಾರ್ಯಾರು ಮಿಂದಿದ್ರೋ ಅವರೇ ಮೊದಲು ಹೊರಬೇಕು!” ಎಂದು ಕೂಗಿದಳು.

“ನಾನು ಬರೀ ಮುಖ ತೊಳ್ಕೊಂಡದ್ದು ಅಕ್ಕ,” ಎಂದ ಒಬ್ಬ ಬಡಗಿ.

“ನಿನಗೆ ಹತ್ತೇ ಇಟ್ಟಿಗೆ. ಎತ್ತು!”

ನಗುತ್ತ, ಬೈದುಕೊಳ್ಳುತ್ತ ಇಟ್ಟಿಗೆ ಸಾಗಿದವು. ಸುದ್ದಿ ಕೇಳಿ ಅಪ್ಪ ಗೂಟದ ಚೀಲ ಹೆಗಲಿಗೇರಿಸಿ ಬಂದ. ಕರಿ ಹಾಳೆಯನ್ನು ಕಾಲಿನಿಂದ ಒತ್ತಿ ನೋಡಿ, ಚೀಲವನ್ನು ಗೇಟಿನ ಬಳಿಯೇ ಇಳಿಸಿ, ಇಟ್ಟಿಗೆ ಹೊರುವವರ ಸಾಲಿನಲ್ಲಿ ನಿಂತ.

ಮಧ್ಯಾಹ್ನ ಎಲ್ಲರನ್ನೂ ಹೊರಗೆ ಕಳಿಸಿದ ಮೇಲೆ ಗಾಳಿ ಬಂತು. ಡೇರೆಯ ಬಟ್ಟೆ ಉಬ್ಬಿತು, ಕಾಲುಗಳು ಕಿರುಗುಟ್ಟಿದವು. ಅಪ್ಪ ಅವಳ ರಟ್ಟೆ ಹಿಡಿದವನು ಗಾಳಿ ನಿಲ್ಲುವವರೆಗೂ ಬಿಡಲಿಲ್ಲ. ಡೇರೆ ನಿಂತೇ ಇತ್ತು.

ಅವಳು ಟೇಪು ಹಿಡಿದು ಕಾಲಿನಿಂದ ಕಾಲಿಗೆ ಮಂಡಿಯೂರಿ ಸಾಗಿದಳು. ಏಳು ಕಾಲು ಗೆರೆಯೊಳಗೇ ಇದ್ದವು. ಎಂಟನೆಯದು ಸರಿದಿತ್ತು. ಅದರ ಹತ್ತಿರ ಅಪ್ಪ ಬಗ್ಗಿ ಪಿಸುಗುಟ್ಟಿದ: “ಒಂದಿಷ್ಟೂ ಕದಲಿಲ್ಲ ಅಂದುಬಿಡು. ಆ ಇಂಜಿನಿಯರೇನು ಬಗ್ಗಿ ನೋಡ್ತಾನಾ?”

ಆ ಡೇರೆ ಕಟ್ಟಡ ಮುಗಿಯುವ ತನಕ ಅಲ್ಲೇ ನಿಂತಿತು. ಅವಳ ಮುಂದಿನ ಎರಡು ಕೆಲಸಗಳನ್ನು ಇಂಜಿನಿಯರೇ ಕೊಡಿಸಿದ. “ಕದಲಲೇ ಇಲ್ಲ ಅಂದಿದ್ರೆ ನಾನು ನಂಬ್ತಿರಲಿಲ್ಲ,” ಎಂದು ಆಮೇಲೆ ಹೇಳಿದ. ಅಂದು ಅವಳು ಎದ್ದು, ಮಂಡಿಯ ಧೂಳು ಕೊಡವಿ, ನಲವತ್ತು ಜನಕ್ಕೂ ಕೇಳುವಂತೆ ಹೇಳಿದ್ದು ಇಷ್ಟೇ:

“ಮೂರೂವರೆ ಸೆಂಟಿಮೀಟರ್.”